ಹೆಸರು ‘ಕ್ಲೀನ್’ ಮಾಡಲು ಹೋದರೆ ಕೊಂಬು ಉದುರುತ್ತದೆ, ಒತ್ತು ಬಿಚ್ಚುತ್ತದೆ

ಸರ್ವರ್ ಬದಲಾಯಿಸಿದ ಮೇಲೆ ಹಳೆಯ ಕನ್ನಡ ಹೆಸರುಗಳೆಲ್ಲ ಗಜಿಬಿಜಿ, ಹೊಸದಾಗಿ ಸೇರಿಸಿದವು ಮಾತ್ರ ಸರಿ. ರಿಪೇರಿಗೆ ಬರೆದ ಪೈಥಾನ್ ಸ್ಕ್ರಿಪ್ಟ್ ಎರರ್ ಕೊಡುತ್ತಿದೆ, ಎರರ್ ಬಂದದ್ದನ್ನು ಬಿಟ್ಟು ಮುಂದೆ ಹೋಗು ಎನ್ನುವ ಇಗ್ನೋರ್ ಹಾಕಿ ಓಡಿಸಲೇ? ಮುಂದೆ ಹೀಗಾಗದಂತೆ, ಯಾರೋ ಡೇಟಾಬೇಸ್‌ಗೆ ತಮ್ಮ ಆಜ್ಞೆ ತೂರಿಸುವ ಇಂಜೆಕ್ಷನ್ನೂ ಆಗದಂತೆ, ಫಾರ್ಮ್‌ನಲ್ಲಿ ಯಾವ ಯಾವ ಅಕ್ಷರ ಕಿತ್ತುಹಾಕಲಿ? ಇಷ್ಟು ತಾನೇ ನಿಮ್ಮ ಪ್ರಶ್ನೆ?

ಓಡಿಸಬೇಡಿ. ಅದೇ ಇಗ್ನೋರ್ ಹಾಕಿ ಒಂದು ಸಂಘದ ಸದಸ್ಯರ ಪಟ್ಟಿಯನ್ನು ಹಾಳು ಮಾಡಿದವನು ನಾನು. ಅಲ್ಲೂ ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಹಳೇ ಸರ್ವರ್‌ನಿಂದ ಹೊಸದಕ್ಕೆ ವಲಸೆ. ಅಲ್ಲೂ ಪರದೆಯ ಮೇಲೆ ಇದೇ ಸಾಲು: ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್‌ನ ಸಣ್ಣ ಎ, ಪಕ್ಕದಲ್ಲಿ ವರ್ಗ, ಘನ ಬರೆಯುವಾಗ ಹಾಕುವಂಥ ಪುಟಾಣಿ 2 ಇಲ್ಲವೇ 3, ಆಮೇಲೆ ಏನೋ ಒಂದು ಚಿಹ್ನೆ. ಮತ್ತೆ ಅದೇ ಎ, ಅದೇ 2.

ಆ ಮೂರರ ಕಟ್ಟು ಯಾಕೆ ಬರುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ (ಅಕ್ಷರ, ಗುಣಿತದ ಚಿಹ್ನೆ ಒಂದೊಂದೂ) ಮೂರು ಬೈಟ್. ಮೊದಲ ಬೈಟ್ ಯಾವಾಗಲೂ ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) ಇ0, ಎರಡನೆಯದು ಬಿ2 ಅಥವಾ ಬಿ3, ಬದಲಾಗುವುದು ಹೆಚ್ಚಾಗಿ ಮೂರನೆಯದು. ‘ಕ’ ಅಂದರೆ ಇ0 ಬಿ2 95. ಈ ಮೂರನ್ನು ಒಂದು ಅಕ್ಷರ ಎನ್ನದೆ ಒಂದು ಬೈಟ್‌ಗೆ ಒಂದು ಅಕ್ಷರ ಎನ್ನುವ ಹಳೆಯ ಲ್ಯಾಟಿನ್1ರ ಮೂರು ಅಕ್ಷರ ಎಂದು ಓದಿದರೆ ಇ0 ಆ ಓರೆಗೆರೆ ಎ ಆಗುತ್ತದೆ, ಬಿ2 ಪುಟಾಣಿ 2, ಬಿ3 ಪುಟಾಣಿ 3, 95 ದಪ್ಪ ಚುಕ್ಕೆ.

ನಿಮ್ಮ ಹಳೇ ಕೋಡ್‌ನಲ್ಲಿ ಕನೆಕ್ಷನ್‌ನ ಕ್ಯಾರೆಕ್ಟರ್ ಸೆಟ್ ಇಂಥದ್ದು ಎಂದು ಎಲ್ಲೂ ಹೇಳಿರಲಿಕ್ಕಿಲ್ಲ. ಹೇಳದಿದ್ದರೆ ಸರ್ವರ್‌ನ ಡೀಫಾಲ್ಟ್ ಬರುತ್ತದೆ. ಮೈಎಸ್‌ಕ್ಯೂಎಲ್ 5.7ರವರೆಗೆ ಅದು ಲ್ಯಾಟಿನ್1, 2018ರಲ್ಲಿ ಬಂದ 8.0ರಿಂದ ಯುಟಿಎಫ್8ಎಂಬಿ4, ಅಂದರೆ ನಾಲ್ಕು ಬೈಟ್‌ವರೆಗಿನ ಪೂರ್ತಿ ಯುಟಿಎಫ್-8. ಟೇಬಲ್ ಯುಟಿಎಫ್8 ಆಗಿದ್ದರೂ ಕನೆಕ್ಷನ್ ‘ನಾನು ಲ್ಯಾಟಿನ್1’ ಅನ್ನುತ್ತಿತ್ತು. ಮೈಎಸ್‌ಕ್ಯೂಎಲ್ ಅದನ್ನು ನಂಬಿ, ಬಂದ ಪ್ರತಿ ಬೈಟನ್ನೂ ಒಂದೊಂದು ಅಕ್ಷರವೆಂದು ಎಣಿಸಿ, ಯುಟಿಎಫ್-8ಕ್ಕೆ ಮತ್ತೊಮ್ಮೆ ತಿರುಗಿಸಿ ಇಟ್ಟಿತು. ಓದುವಾಗ ಅದೇ ಸುಳ್ಳು ಹಿಂದುಮುಂದಾಗಿ ನಡೆಯುತ್ತಿದ್ದರಿಂದ ಸೈಟ್‌ನಲ್ಲಿ ಎಲ್ಲವೂ ಸರಿ ಕಾಣುತ್ತಿತ್ತು. ಹೊಸ ಸರ್ವರ್ ನಿಜ ಹೇಳಿದ ದಿನ ಹಳೆಯದು ಬಯಲಾಯಿತು. ಅಂದರೆ ಡೇಟಾ ಕೊಳೆಯಾಗಿಲ್ಲ, ಒಂದು ಸುತ್ತು ಹೆಚ್ಚು ಸುತ್ತಿಕೊಂಡಿದೆ ಅಷ್ಟೇ. ಆ ಸುತ್ತು ಬಿಚ್ಚಬೇಕು. ಕ್ಲೀನ್ ಮಾಡುವಂಥದ್ದು ಅಲ್ಲಿ ಏನೂ ಇಲ್ಲ.

ಈಗ ತಪ್ಪಿಗೆ ಬರುತ್ತೇನೆ. ಪೈಥಾನ್‌ನಲ್ಲಿ ಮೊದಲು ಲ್ಯಾಟಿನ್-1 ಎಂದು ಎನ್‌ಕೋಡ್ ಮಾಡಿದೆ. ಆ ದಪ್ಪ ಚುಕ್ಕೆಯ ಹತ್ತಿರ ಎರರ್, ಯಾಕೆಂದರೆ ಪೈಥಾನ್‌ನ ಲ್ಯಾಟಿನ್-1ರಲ್ಲಿ ದಪ್ಪ ಚುಕ್ಕೆಯೇ ಇಲ್ಲ. ಮೈಎಸ್‌ಕ್ಯೂಎಲ್ ‘ಲ್ಯಾಟಿನ್1’ ಎಂದು ಕರೆಯುವುದು ನಿಜಕ್ಕೂ ವಿಂಡೋಸ್‌ನ ಸಿಪಿ1252ನ್ನು. ಸರಿ ಎಂದು ಸಿಪಿ1252 ಹಾಕಿದೆ. ಈಗ ಇನ್ನೊಂದು ಕಡೆ ಎರರ್: ‘ಚಾರ್‌ಮ್ಯಾಪ್’ ಕೊಡೆಕ್‌ಗೆ 8ಡಿ ಎಂಬ ಕ್ಯಾರೆಕ್ಟರನ್ನು ಎನ್‌ಕೋಡ್ ಮಾಡಲು ಆಗುವುದಿಲ್ಲ, ಅಂತ. ನೀವೂ ಈಗ ಇಲ್ಲೇ ನಿಂತಿದ್ದೀರಿ. ಯಾವುದೋ ಕಂಟ್ರೋಲ್ ಕ್ಯಾರೆಕ್ಟರ್, ಕಸ ಇರಬೇಕು ಅಂದುಕೊಂಡು ಎನ್‌ಕೋಡ್‌ಗೂ ಡಿಕೋಡ್‌ಗೂ ಎರರ್ಸ್ ಈಕ್ವಲ್ಸ್ ಇಗ್ನೋರ್ ಹಾಕಿದೆ. ಸ್ಕ್ರಿಪ್ಟ್ ಒಂದು ಉಸಿರು ಬಿಡದೆ ಓಡಿತು.

ಆ ಕಸ ಯಾವುದು ಗೊತ್ತೇ? ಸಿಪಿ1252ರಲ್ಲಿ ಐದು ಜಾಗ ಖಾಲಿ: 81, 8ಡಿ, 8ಎಫ್, 90, 9ಡಿ. ದಿನಬಳಕೆಯ ಕನ್ನಡದಲ್ಲಿ ಮೂರನೇ ಬೈಟ್ ಈ ಐದರಲ್ಲಿ ಒಂದಾಗಿರುವವು ‘ಏ’, ‘ಐ’, ‘ಝ’, ಕೊಂಬು ಮತ್ತು ವಿರಾಮ ಚಿಹ್ನೆ, ಅಂದರೆ ಒತ್ತಕ್ಷರವನ್ನೆಲ್ಲ ಕಟ್ಟಿಕೊಡುವ ಆ ‘್’. ಕೊಂಬು ಇ0 ಬಿ3 81, ವಿರಾಮ ಇ0 ಬಿ3 8ಡಿ. ಎನ್‌ಕೋಡ್‌ನ ಇಗ್ನೋರ್ ಮೂರನೇ ಬೈಟ್ ನುಂಗಿತು. ಉಳಿದ ಇ0 ಬಿ3 ಅರ್ಧಂಬರ್ಧ ಯುಟಿಎಫ್-8. ಡಿಕೋಡ್‌ನ ಇಗ್ನೋರ್ ಅದನ್ನೂ ಗುಡಿಸಿ ಹಾಕಿತು. ಎರಡರಲ್ಲಿ ಒಂದು ಇಗ್ನೋರ್ ಇಲ್ಲದಿದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತಿತ್ತು, ಪಟ್ಟಿ ಉಳಿಯುತ್ತಿತ್ತು.

ಮಂಜುನಾಥ ‘ಮಂಜನಾಥ’ ಆದ. ಬಸಪ್ಪ ‘ಬಸಪಪ’, ರುದ್ರ ‘ರದರ’, ಐಶ್ವರ್ಯ ‘ಶವರಯ’. ಓಡಿಸಿದ ಮೇಲೆ ಪರೀಕ್ಷೆ ಮಾಡಲಿಲ್ಲ ಅಂತಲ್ಲ, ಮಾಡಿದ್ದೆ. ಮೊದಲ ಪುಟದಲ್ಲಿ ಕಂಡದ್ದು ಗೀತಾ, ಸವಿತಾ, ಮಹದೇವ, ರಮೇಶ. ಗೀತಾ, ಸವಿತಾ, ಮಹದೇವರಲ್ಲಿ ಕೊಂಬೂ ಇಲ್ಲ, ಒತ್ತೂ ಇಲ್ಲ. ಆ ರಮೇಶ ಮೂಲದಲ್ಲಿ ‘ರಮೇಶ್’ ಆಗಿದ್ದ ಎಂಬುದು ನೋಡಿದರೆ ಹೇಗೆ ಗೊತ್ತಾಗಬೇಕು?

ವಿಳಾಸದ ಚೀಟಿ ಮುದ್ರಿಸುವ ಹೊತ್ತಿಗೆ ಒಂಬತ್ತು ದಿನ ಆಗಿತ್ತು, ಬ್ಯಾಕಪ್ ಇಡುತ್ತಿದ್ದದ್ದು ಏಳು ದಿನದ್ದು. ನಿಘಂಟು ಇಟ್ಟುಕೊಂಡು ಕೋಡ್ ಬರೆದು ಸರಿಮಾಡೋಣ ಎಂದು ಹೊರಟವನಿಗೆ ಸಿಕ್ಕದ್ದು ‘ಬಸವರಾಜ’. ಅದು ಬಸವರಾಜನೋ, ಬಸವರಾಜುವೋ, ಬಸವರಾಜ್ ಅವರೋ? ಮೂರೂ ಒಂದೇ ಆಗಿಬಿಟ್ಟಿವೆ. ನಾಗರಾಜರದ್ದೂ ಇದೇ ಕಥೆ. ಕಡೆಗೆ ಕಾಗದದ ಅರ್ಜಿಗಳನ್ನು ಕಪಾಟಿನಿಂದ ತೆಗೆಸಿ ಒಂದೊಂದಾಗಿ ಟೈಪ್ ಮಾಡಬೇಕಾಯಿತು.

ಸುತ್ತು ಬಿಚ್ಚುವ ಕೆಲಸವನ್ನು ಮೈಎಸ್‌ಕ್ಯೂಎಲ್‌ಗೇ ಬಿಡಿ. ಆ ಐದು ಖಾಲಿ ಜಾಗಗಳನ್ನು ಅದರ ಲ್ಯಾಟಿನ್1 ಅದೇ ಅಂಕಿಯ ಕಂಟ್ರೋಲ್ ಕ್ಯಾರೆಕ್ಟರ್‌ಗಳಿಗೆ ಹೊಂದಿಸಿಟ್ಟಿದೆ. ಹೋದದ್ದು ಹೋದ ಹಾಗೇ ವಾಪಸ್ ಬರುತ್ತದೆ, ಏನೂ ಉದುರುವುದಿಲ್ಲ.

ಮೊದಲು ನೋಡಿ, ಆಮೇಲೆ ಮುಟ್ಟಿ. ಹೆಸರಿನ ಕಾಲಂ ಮೇಲೆ ಹೆಕ್ಸ್ ಫಂಕ್ಷನ್ ಹಾಕಿ ನಾಲ್ಕಾರು ಸಾಲು ಸೆಲೆಕ್ಟ್ ಮಾಡಿ. ‘ಕ’ ಇರುವಲ್ಲಿ ಇ0ಬಿ295 ಕಂಡರೆ ಆ ಸಾಲು ಆರೋಗ್ಯವಾಗಿದೆ. ಸಿ3ಎ0ಸಿ2ಬಿ2ಇ280ಎ2 ಎಂದು ಏಳು ಬೈಟ್ ಕಂಡರೆ ಎರಡು ಸುತ್ತು. ಬರೀ 3ಎಫ್ 3ಎಫ್ ಕಂಡರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ, ಅಕ್ಷರ ಹೋಗಿಯಾಗಿದೆ, ಯಾವ ಮಂತ್ರಕ್ಕೂ ಬಗ್ಗದು.

ಟೇಬಲ್‌ನ ನಕಲು ತೆಗೆದಿಡಿ. ಅದೇ ಟೇಬಲ್‌ಗೆ ಹೊಸ ಕಾಲಂ ಒಂದನ್ನು ಯುಟಿಎಫ್8ಎಂಬಿ4ರಲ್ಲಿ ಸೇರಿಸಿ. ಹಳೆಯದರ ಮೇಲೇ ಬರೆಯಬೇಡಿ, ನಾನು ಬರೆದಿದ್ದೆ. ಹೊಸ ಕಾಲಂಗೆ ಹಾಕಬೇಕಾದ್ದು ಮೂರು ಪದರದ ಒಂದು ಸಾಲು. ಒಳಗೆ ಕನ್ವರ್ಟ್ ಹೆಸರು ಯೂಸಿಂಗ್ ಲ್ಯಾಟಿನ್1. ಅದರ ಸುತ್ತ ಕಾಸ್ಟ್ ಆಸ್ ಬೈನರಿ. ಅದರ ಹೊರಗೆ ಕನ್ವರ್ಟ್ ಯೂಸಿಂಗ್ ಯುಟಿಎಫ್8ಎಂಬಿ4. ನಡುವಿನ ಬೈನರಿ ಬಿಟ್ಟರೆ ಮೈಎಸ್‌ಕ್ಯೂಎಲ್ ಜಾಣತನ ತೋರಿಸಿ ಅಕ್ಷರದಿಂದ ಅಕ್ಷರಕ್ಕೆ ತಿರುಗಿಸುತ್ತದೆ, ಗಜಿಬಿಜಿ ಗಜಿಬಿಜಿಯಾಗಿಯೇ ಉಳಿಯುತ್ತದೆ.

ಕೆಟ್ಟ ಸಾಲುಗಳಿಗೆ ಮಾತ್ರ ಎನ್ನುವ ವೇರ್ ಷರತ್ತು ಇಲ್ಲದೆ ಇದನ್ನು ಓಡಿಸಿದರೆ ಹೊಸದಾಗಿ ಸೇರಿದ ಸರಿಯಾದ ಕನ್ನಡವೂ ಲ್ಯಾಟಿನ್1ಕ್ಕೆ ಹೋಗುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ, ಹಾಗಾಗಿ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ. ಕೆಟ್ಟ ಸಾಲುಗಳನ್ನು ಆರಿಸಲು ಆ ಓರೆಗೆರೆ ಎ ಮತ್ತು ಪುಟಾಣಿ 2ನ್ನೇ ಲೈಕ್‌ನಲ್ಲಿ ಹುಡುಕಲೂ ಹೋಗಬೇಡಿ. ಯೂನಿಕೋಡ್_ಸಿಐ, 0900_ಎಐ_ಸಿಐ ಎಂಬ ಕೊಲೇಷನ್‌ಗಳ (ಅಕ್ಷರ ಹೋಲಿಸುವ ನಿಯಮಗಳ) ಕಣ್ಣಿಗೆ ಓರೆಗೆರೆ ಎ ಬರೀ ಎಗೆ ಸಮ, ಪುಟಾಣಿ 2 ಬರೀ 2ಕ್ಕೆ ಸಮ. ವಿಳಾಸದಲ್ಲಿ ‘ಎ2 ಬ್ಲಾಕ್’ ಎಂದು ಇಂಗ್ಲಿಷಿನಲ್ಲಿ ಬರೆದವರೆಲ್ಲ ಬಲೆಗೆ ಬೀಳುತ್ತಾರೆ. ಹೆಕ್ಸ್ ಮಾಡಿದ ಮೌಲ್ಯದ ಮೇಲೆಯೇ ಲೈಕ್ ಹಾಕಿ: ಹಿಂದೆ ಮುಂದೆ ಶೇಕಡಾ ಚಿಹ್ನೆ, ನಡುವೆ ಸಿ3ಎ0ಸಿ2ಬಿ2, ಆರ್ ಕೊಟ್ಟು ಸಿ3ಎ0ಸಿ2ಬಿ3.

ಓಡಿಸಿದ ಮೇಲೆ ಕಣ್ಣಲ್ಲಿ ನೋಡಿ ತೃಪ್ತಿಪಡಬೇಡಿ, ಎಣಿಸಿ. ಹಳೇ ಕಾಲಂನ ಹೆಕ್ಸ್‌ನಲ್ಲಿ ಸಿ3ಎ0ಸಿ2ಬಿ3ಸಿ28ಡಿ ಇರುವ ಸಾಲುಗಳೆಷ್ಟು? ಅದು ಎರಡು ಸುತ್ತಿನ ವಿರಾಮ. ಹೊಸ ಕಾಲಂನ ಹೆಕ್ಸ್‌ನಲ್ಲಿ ಇ0ಬಿ38ಡಿ ಇರುವವೆಷ್ಟು? ನಲ್ (ಖಾಲಿ) ಆಗಿ ಬಂದ ಸಾಲುಗಳನ್ನು ಬಿಟ್ಟು ಎರಡು ಸಂಖ್ಯೆಯೂ ಒಂದೇ ಇರಬೇಕು. ಕೊನೆಯ 8ಡಿ ಜಾಗದಲ್ಲಿ 81 ಹಾಕಿ ಕೊಂಬನ್ನೂ ಎಣಿಸಿ.

ಕೆಲವು ಸಾಲು ನಲ್ ಆಗಿ ಬರಬಹುದು. ಇದಕ್ಕೆ ಕಾರಣ ಕಾಲಂನ ಉದ್ದ. ಚಂದ್ರಶೇಖರಯ್ಯ ಎಂಬಲ್ಲಿ ಯೂನಿಕೋಡ್ ಸಂಕೇತ 12, ಬೈಟ್ 36. ಎರಡು ಸುತ್ತು ಸುತ್ತಿದಾಗ ಮೈಎಸ್‌ಕ್ಯೂಎಲ್‌ಗೆ ಅವು 36 ಅಕ್ಷರ. ಕಾಲಂ ವಾರ್‌ಚಾರ್ 30 (ಅಂದರೆ 30 ಅಕ್ಷರದ ಮಿತಿ) ಆಗಿದ್ದು, ಮಿತಿ ಮೀರಿದರೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ (5.7ಕ್ಕೆ ಮುಂಚೆ ಅದು ತಾನಾಗಿ ಇರುತ್ತಿರಲಿಲ್ಲ) 30ಕ್ಕೆ ಸದ್ದಿಲ್ಲದೆ ಕತ್ತರಿಸಿ ‘ಚಂದ್ರಶೇಖರಯ’ ಎಂದು ಇಟ್ಟಿರುತ್ತದೆ. 30 ಮೂರರಿಂದ ಭಾಗವಾಗುವುದರಿಂದ ಬಿಚ್ಚಿದಾಗ ಓದಲಾದರೂ ಆಗುತ್ತದೆ. ಕಾಲಂ 50 ಆಗಿದ್ದರೆ ಉದ್ದದ ಹೆಸರಿನ ಕೊನೆಗೆ ಎರಡು ಅನಾಥ ಬೈಟ್ ಉಳಿದು ಇಡೀ ಸಾಲು ನಲ್. ಅಂಥವನ್ನು ಬೇರೆ ಪಟ್ಟಿ ಮಾಡಿ ಅರ್ಜಿ ನೋಡಿ ತುಂಬಿ. ಗಜಿಬಿಜಿಯನ್ನು ಸ್ಪ್ರೆಡ್‌ಶೀಟ್‌ಗೆ ಕಾಪಿ ಮಾಡಿ ಅಲ್ಲಿ ಸರಿಮಾಡುವ ಐಡಿಯಾವನ್ನೂ ಬಿಡಿ: ಸುತ್ತಿದ ‘ಭ’ದ ಮೂರನೇ ಬೈಟ್ ಕಣ್ಣಿಗೆ ಕಾಣದ ಸಾಫ್ಟ್ ಹೈಫನ್, ‘ಠ’ದ್ದು ಮುರಿಯದ ಸ್ಪೇಸ್. ಕಾಪಿ ಪೇಸ್ಟ್‌ನಲ್ಲಿ ಇವು ಬದುಕಿ ಬರುವ ಭರವಸೆ ಇಲ್ಲ.

ಮುಂದೆ ಹೀಗಾಗದಂತೆ ಕನೆಕ್ಷನ್ ಸರಿಮಾಡುವ ವಿಚಾರ ಬೇಗ ಮುಗಿಯುತ್ತದೆ. ಪಿಎಚ್‌ಪಿಯಿಂದ ಡೇಟಾಬೇಸ್ ಸೇರಲು ಮೈಎಸ್‌ಕ್ಯೂಎಲ್‌ಐ ಒಂದು ದಾರಿ, ಪಿಡಿಒ ಇನ್ನೊಂದು. ಮೈಎಸ್‌ಕ್ಯೂಎಲ್‌ಐ ಆದರೆ ಸೆಟ್_ಚಾರ್‌ಸೆಟ್ ಕರೆದು ಯುಟಿಎಫ್8ಎಂಬಿ4 ಕೊಡಿ. ಸೆಟ್ ನೇಮ್ಸ್ ಎಂದು ಕ್ವೆರಿ ಕಳಿಸಬೇಡಿ, ಅದು ಎಸ್ಕೇಪ್ ಮಾಡುವ (ಅಪಾಯದ ಚಿಹ್ನೆಗಳನ್ನು ನಿರಪಾಯ ಮಾಡುವ) ಫಂಕ್ಷನ್‌ಗೆ ಗೊತ್ತಾಗುವುದಿಲ್ಲ. ಪಿಡಿಒ ಆದರೆ ಕನೆಕ್ಷನ್ ವಿವರ ಬರೆಯುವ ಡಿಎಸ್‌ಎನ್ ಸಾಲಿನಲ್ಲೇ ಚಾರ್‌ಸೆಟ್ ಬರೆಯಿರಿ. ಬರೀ ‘ಯುಟಿಎಫ್8’ ಹಾಕಿದರೂ ಕನ್ನಡಕ್ಕೆ ಸಾಕು, ಮೂರು ಬೈಟ್ ತಾನೇ. ಆದರೆ ಯಾರೋ ಹೆಸರಿನ ಪಕ್ಕ ಕೈಮುಗಿಯುವ ಇಮೋಜಿ ಹಾಕಿದ ದಿನ ನಾಲ್ಕನೇ ಬೈಟ್ ಬಂದು ಇನ್ಸರ್ಟ್ ಬೀಳುತ್ತದೆ.

ಇನ್ನು ಯಾವ ಅಕ್ಷರ ಕಿತ್ತುಹಾಕಬೇಕು ಎಂಬ ಪ್ರಶ್ನೆ. ಯಾವುದನ್ನೂ ಅಲ್ಲ. ಇಂಜೆಕ್ಷನ್ ತಡೆಯುವುದು ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅದಕ್ಕೂ ಅಕ್ಷರ ಸೋಸುವುದಕ್ಕೂ ಸಂಬಂಧವಿಲ್ಲ. ಕ್ವೆರಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮೌಲ್ಯವನ್ನು ಬೇರೆಯಾಗಿ ಬೈಂಡ್ ಮಾಡಿ. ಅಪಾಸ್ಟ್ರಫಿ ಕಿತ್ತರೆ ಮಂಗಳೂರಿನ ಅರ್ಧ ಊರು ತಿರುಗಿಬೀಳುತ್ತದೆ, ಡಿ'ಸೋಜರನ್ನು ಎಲ್ಲಿಗೆ ಕಳಿಸುತ್ತೀರಿ? ಎಚ್‌ಟಿಎಂಎಲ್ ಎಸ್ಕೇಪ್ ಪುಟಕ್ಕೆ ಬರೆಯುವಾಗ ಮಾಡಿ, ಡೇಟಾಬೇಸ್‌ಗೆ ಹಾಕುವಾಗಲ್ಲ.

ಹೆಸರನ್ನು ಪರೀಕ್ಷಿಸಲೇಬೇಕು ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ಯು ಫ್ಲ್ಯಾಗ್ ಹಾಕಿ. ಯೂನಿಕೋಡ್‌ನ ಎಲ್ (ಅಕ್ಷರಗಳ) ಗುಂಪು ಒಂದನ್ನೇ ಕೊಟ್ಟರೆ ‘ಕ’ ದಾಟುತ್ತದೆ, ‘ಕಿ’ ದಾಟುವುದಿಲ್ಲ, ಯಾಕೆಂದರೆ ಗುಣಿತದ ಚಿಹ್ನೆಗಳೂ ವಿರಾಮವೂ ಇರುವುದು ಎಂ ಗುಂಪಿನಲ್ಲಿ. ಎರಡೂ ಗುಂಪು ಕೊಡಿ, ಜೊತೆಗೆ ಸ್ಪೇಸ್, ಚುಕ್ಕೆ, ಹೈಫನ್, ಅಪಾಸ್ಟ್ರಫಿ. ಕಾಣದ ಎರಡು ಸಂಕೇತಗಳನ್ನು ಮರೆಯಬೇಡಿ, 200ಸಿ (ಅಕ್ಷರ ಕೂಡದಂತೆ ತಡೆಯುವುದು) ಮತ್ತು 200ಡಿ (ಕೂಡಿಸುವುದು). ಮೊದಲನೆಯದು ಕಿತ್ತರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಉದ್ದ ಅಳೆಯಲು ಎಸ್‌ಟಿಆರ್‌ಲೆನ್ ಬೇಡ, ಅದು ಬೈಟ್ ಎಣಿಸಿ ‘ಕನ್ನಡ’ ಎಂಬುದನ್ನು 15 ಅನ್ನುತ್ತದೆ. ಎಂಬಿ_ಎಸ್‌ಟಿಆರ್‌ಲೆನ್ 5 ಅನ್ನುತ್ತದೆ, ವಾರ್‌ಚಾರ್ ಲೆಕ್ಕವೂ ಅದೇ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಆದ್ದರಿಂದ ಮಿತಿ ಇಡುವಾಗ ಧಾರಾಳವಾಗಿರಿ. ಹುಡುಕಾಟ ತಪ್ಪಬಾರದು ಎಂದಿದ್ದರೆ ಸೇವ್ ಮಾಡುವ ಮುಂಚೆ ನಾರ್ಮಲೈಜರ್‌ನಿಂದ ಎನ್‌ಎಫ್‌ಸಿಗೆ, ಅಂದರೆ ಒಂದೇ ಗೊತ್ತಾದ ರೂಪಕ್ಕೆ, ತನ್ನಿ. ‘ೋ’ ಒಂದೇ ಸಂಕೇತವಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು.

ಇಗ್ನೋರ್ ಹಾಕಿ ಆಗಲೇ ಒಮ್ಮೆ ಓಡಿಸಿಬಿಟ್ಟಿದ್ದೀರೋ? ನೀವು ಹೇಳಿಲ್ಲ, ಆದರೆ ಇಂಥ ಪ್ರಶ್ನೆಗಳನ್ನು ಓಡಿಸಿದ ಮೇಲೆಯೇ ಕೇಳುವುದು ಹೆಚ್ಚು. ಹಾಗಿದ್ದರೆ ಬ್ಯಾಕಪ್ ಹುಡುಕುವುದರ ಜೊತೆಗೆ ಡೇಟಾಬೇಸ್‌ನ ಬದಲಾವಣೆಗಳನ್ನೆಲ್ಲ ದಾಖಲಿಸುವ ಬೈನರಿ ಲಾಗ್ ನೋಡಿ. 8.0ರಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ, ರೋ ಫಾರ್ಮ್ಯಾಟ್‌ನಲ್ಲಿ, ಸೆಟ್ಟಿಂಗ್ ಮುಟ್ಟಿರದಿದ್ದರೆ 30 ದಿನದವರೆಗೆ. ಪ್ರತಿ ಅಪ್‌ಡೇಟ್‌ನ ಹಿಂದಿನ ಮೌಲ್ಯವೂ ಅದರಲ್ಲಿ ಇರುತ್ತದೆ. ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಕಮಾಂಡ್‌ಗೆ ವರ್ಬೋಸ್, ಮತ್ತು ಬೇಸ್64-ಔಟ್‌ಪುಟ್‌ಗೆ ಡಿಕೋಡ್-ರೋಸ್ ಕೊಟ್ಟರೆ ವೇರ್ ಭಾಗದಲ್ಲಿ ಹಳೆಯ ಗಜಿಬಿಜಿ, ಸೆಟ್ ಭಾಗದಲ್ಲಿ ನೀವು ಹಾಳು ಮಾಡಿದ್ದು, ಎರಡೂ ಸಾಲು ಸಾಲಾಗಿ ಸಿಗುತ್ತವೆ. ಆ ಗಜಿಬಿಜಿಯೇ ನಿಮ್ಮ ಅಸಲು, ಅದನ್ನೇ ಮೇಲಿನ ಮೂರು ಪದರಕ್ಕೆ ಕೊಡಿ. ನಮ್ಮದು 5.7, ಬೈನರಿ ಲಾಗ್ ಆನ್ ಮಾಡಿರಲೇ ಇಲ್ಲ.