ಇಂಟರ್ನ್‌ಶಿಪ್‌ಗೆ ಹೊರಟ ಹುಡುಗ, ಓದಲು ಬಾರದ ವರ್ನಿಯರ್

(ಹೆಸರು, ಊರು ಬದಲಿಸಿದ್ದೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮಂಜು ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ಸೆಮಿಸ್ಟರ್‌ನಲ್ಲಿದ್ದ. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಹೊರಡಲು ಹತ್ತು ದಿನ ಇರುವಾಗ ನನ್ನ ಹತ್ತಿರ ಬಂದ. "ಮೇಡಂ, ಬೇರೆ ಕಡೆ ಹಾಕಿಸಿಕೊಡಿ. ಅಲ್ಲಿ ಬರೀ ಕಸ ಗುಡಿಸೋ ಕೆಲಸ ಕೊಡ್ತಾರಂತೆ."

ಕೈಯಲ್ಲಿ ಕಾಲೇಜಿನ ಫಾರಂ ಇತ್ತು. ಕಲಿಕೆಯ ಗುರಿ ಎಂದಿದ್ದ ಕಡೆ ಮೂರು ಸಾಲು: ಯಂತ್ರಗಳ ಬಗ್ಗೆ ತಿಳಿಯುವುದು, ಅನುಭವ ಪಡೆಯುವುದು, ಶಿಸ್ತು ಕಲಿಯುವುದು. ಗೆಳೆಯನದನ್ನು ನೋಡಿ ಬರೆದದ್ದಂತೆ.

ಫಾರಂ ಪಕ್ಕಕ್ಕಿಟ್ಟೆ. "ಮೊದಲ ದಿನ ಅಲ್ಲಿ ಏನು ಮಾಡು ಅಂದ್ರೆ ನಿನಗೆ ಭಯ ಆಗುತ್ತೆ?" ಎಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ವರ್ನಿಯರ್ ಕೊಟ್ಟು ಅಳತೆ ಹೇಳು ಅಂದ್ರೆ..."

ವರ್ನಿಯರ್ ಅಂದರೆ ಮಿಲಿಮೀಟರಿಗಿಂತ ಸಣ್ಣ ಅಳತೆಯನ್ನೂ ತೋರಿಸುವ ಸಾಧನ. ಮೊದಲ ವರ್ಷ ಲ್ಯಾಬಿನಲ್ಲಿ ಅದನ್ನು ತಪ್ಪು ಓದಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಅಂದಿನಿಂದ ಪಕ್ಕದವನ ರೀಡಿಂಗನ್ನೇ ಬರೆದುಕೊಂಡು ಬಂದಿದ್ದ. ಇಂಥ ಮಕ್ಕಳನ್ನು ಸೋಮಾರಿ ಎಂದು ಬೈದರೆ ನನಗೆ ನೋವಾಗುತ್ತದೆ. ತನಗೆ ಏನು ಬಾರದು ಎಂದು ಹೇಳಿಕೊಳ್ಳಲು ಜಾಗವೇ ಇಲ್ಲದವನು ಏನು ಕಲಿಯಬೇಕೆಂದು ಹೇಗೆ ಬರೆದಾನು?

ಅಂದೇ ಸಂಜೆ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಹತ್ತಿರ ಕರೆದೊಯ್ದೆ. ಅವನ ಜೊತೆ ಕೂತು ನಾನೂ ಕಲಿತೆ. ಮುಖ್ಯ ಸ್ಕೇಲ್‌ನಲ್ಲಿ 24. ವರ್ನಿಯರ್‌ನ 17ನೇ ಗೆರೆ ಮೇಲಿನ ಗೆರೆಗೆ ಸರಿಯಾಗಿ ಕೂತಿದೆ. ಆ ವರ್ನಿಯರ್‌ನಲ್ಲಿ ಒಂದೊಂದು ಗೆರೆಗೆ 0.02 ಮಿ.ಮೀ. ಲೆಕ್ಕ; 17ನ್ನು 0.02ರಿಂದ ಗುಣಿಸಿ ಕೂಡಿಸಿದರೆ 24.34 ಮಿ.ಮೀ. ಮೂರು ಸಂಜೆ ಸಾಕಾಯಿತು.

ಆಮೇಲೆ ಗುರಿ ಬರೆಯಲು ಕೂತೆವು. 'ತಿಳಿಯುವುದು' ಎಂಬುದನ್ನು ಹೊಡೆದುಹಾಕು, ನೀನು ಮಾಡಿದ್ದನ್ನು ಇನ್ನೊಬ್ಬರು ನೋಡಿ ಹೌದು ಎನ್ನುವಂತಿರಲಿ ಎಂದೆ. ಅವನೇ ಬರೆದ: ಎರಡು ವಾರದೊಳಗೆ ಹತ್ತು ಪೀಸ್ ಅಳೆದು ಕ್ವಾಲಿಟಿಯವರ ಅಳತೆ ಜೊತೆ ತಾಳೆ ನೋಡುವುದು. ಡ್ರಾಯಿಂಗ್‌ನಲ್ಲಿ 20 ± 0.05 (ಅಂದರೆ 19.95ರಿಂದ 20.05 ಮಿ.ಮೀ.ವರೆಗೆ ಸರಿ) ಎಂದಿದ್ದರೆ ಯಾವ ಪೀಸ್ ಪಾಸ್, ಯಾವುದು ರಿಜೆಕ್ಟ್ ಎಂದು ಹೇಳುವುದು. ಮೂರನೆಯದನ್ನು ಖಾಲಿ ಬಿಡಿಸಿದೆ. ಅಲ್ಲಿನ ಕೆಲಸ ನೋಡಿಕೊಂಡು ಸೂಪರ್‌ವೈಸರ್ ಜೊತೆ ಕೂತು ಬರೆಯಲಿ ಅಂತ.

ಒಂದು ಮಾತನ್ನು ಮಾತ್ರ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿದೆ: "ಸರ್, ಇದು ನನಗೆ ಬರಲ್ಲ, ಒಂದ್ಸಲ ತೋರಿಸ್ತೀರಾ?" ಮೊದಲ ಸಲ ದನಿಯೇ ಹೊರಡಲಿಲ್ಲ. ಏಳನೇ ಸಲಕ್ಕೆ ನನ್ನ ಮುಖ ನೋಡಿ ಹೇಳಿದ. ಲೇತ್ ತಿರುಗುವಾಗ ಗ್ಲೌಸ್ ಹಾಕಬೇಡ, ಸಡಿಲ ತೋಳಿನ ಅಂಗಿ ಬೇಡ ಎಂದು ಇನ್‌ಸ್ಟ್ರಕ್ಟರ್ ಎಚ್ಚರಿಸಿ ಕಳಿಸಿದರು.

ಎರಡು ವಾರದ ಮೇಲೆ ಫೋನು. "ಅಳತೆ ತಾಳೆ ಆಯ್ತು ಮೇಡಂ. ಆದ್ರೆ ದಿನವಿಡೀ ಡೀಬರಿಂಗೇ. ಫೈಲ್ ಹಿಡಿದು ಅಂಚು ಉಜ್ಜೋದು." ಕತ್ತರಿಸಿದ ಅಂಚಿನಲ್ಲಿ ಉಳಿಯುವ ಲೋಹದ ಚೂಪು ಸಿಬಿರಿಗೆ ಬರ್ ಎನ್ನುತ್ತಾರೆ; ಅದನ್ನು ತೆಗೆಯುವುದೇ ಡೀಬರಿಂಗ್. ಅವನ ಬೇಸರ ಸುಳ್ಳಲ್ಲ. ಹೀಗೇ ಮುಂದುವರಿದರೆ ಕಾಲೇಜಿನಿಂದ ಮಾತಾಡಿಸುವುದು ನನ್ನ ಜವಾಬ್ದಾರಿ ಎಂದೆ. ಇನ್‌ಸ್ಟ್ರಕ್ಟರನ್ನು ವಿಚಾರಿಸಿ ಒಂದು ಪ್ರಶ್ನೆಯನ್ನೂ ಕೊಟ್ಟೆ: "ಎಲ್ಲಾ ಪೀಸಿನಲ್ಲೂ ಬರ್ ಒಂದೇ ಥರ ಇರುತ್ತಾ? ದಿನಚರಿಯಲ್ಲಿ ಬರಿ. ಇಲ್ಲ ಅಂದ್ರೆ ಯಾಕೆ ಅಂತ ಆಪರೇಟರ್ ಅಣ್ಣನ್ನ ಕೇಳು."

ಮುಂದಿನ ಶನಿವಾರ ದಿನಚರಿ ಹಿಡಿದು ಬಂದ. ಮಧ್ಯಾಹ್ನದ ಪೀಸುಗಳಲ್ಲಿ ಬರ್ ಜಾಸ್ತಿ ಎಂದು ಬರೆದಿದ್ದ. ಕೇಳಿದಾಗ ಆ ಅಣ್ಣ, ಲೋಹ ಕತ್ತರಿಸುವ ಟೂಲ್ ಸವೆದರೆ ಬರ್ ಹೆಚ್ಚುತ್ತೆ ಎಂದು, ಸವೆದ ಟೂಲ್ ಬಿಚ್ಚಿ ಕೈಗೆ ಕೊಟ್ಟು ತೋರಿಸಿದರಂತೆ. ಫಾರಂ ತೆಗೆದು ನೋಡಿದೆ. ಮೂರನೇ ಸಾಲು ತುಂಬಿತ್ತು: 'ಟೂಲ್ ಸವೆದದ್ದನ್ನು ಗುರುತಿಸಿ ತಾನೇ ಬದಲಿಸುವುದು.' ಕೈಬರಹ ಸೂಪರ್‌ವೈಸರದು, ಕೆಳಗೆ ಇಬ್ಬರ ಸಹಿ.