ಬಯಲಾಟದ ಫೋಟೊ ಮಸುಕಾಗುವುದೇಕೆ?

ಪ್ರಶ್ನೆ: ರಾತ್ರಿ ಬಯಲಾಟದಲ್ಲಿ ಮೊಬೈಲಿನಿಂದ ತೆಗೆದ ಫೋಟೊಗಳಲ್ಲಿ ವೇಷದ ಮುಖ ಬರೀ ಬೆಳ್ಳಗೆ, ಕುಣಿತ ಮಸುಕು. ಕೆಲವದರಲ್ಲಿ ಅಡ್ಡಪಟ್ಟಿಗಳೂ ಇವೆ. ಕ್ಯಾಮೆರಾ ಹಾಳಾಗಿದೆಯೇ?
– ಓದುಗರು, ಬದಿಯಡ್ಕ

ಉತ್ತರ: ಹಗಲಿನ ಫೋಟೊ ಚೆನ್ನಾಗಿ ಬರುತ್ತಿದ್ದರೆ ಕ್ಯಾಮೆರಾ ಸರಿಯಾಗಿಯೇ ಇದೆ. ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ದೀಪದ ಸುತ್ತ ಮಬ್ಬು ಹರಡಲು ಬೆರಳಿನ ಜಿಡ್ಡೇ ಸಾಕು.

ನೈಟ್ ಮೋಡ್ ಬೇಡ. ಅದು ಹಲವು ಚಿತ್ರಗಳನ್ನು ಬೆಸೆದು ಒಂದು ಮಾಡುತ್ತದೆ. ದಿಗಿಣ ಹಾರುವ ವೇಷಧಾರಿ ಅಷ್ಟು ಹೊತ್ತು ನಿಂತಿರುವುದುಂಟೇ! ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡಿನಲ್ಲಿ ಶಟರ್ (ಬೆಳಕು ಒಳಬಿಡುವ ಹೊತ್ತು) 1/250 ಸೆಕೆಂಡ್, ಐಎಸ್ಒ (ಬೆಳಕನ್ನು ಹಿಗ್ಗಿಸುವ ಮಟ್ಟ) 800ರಿಂದ 1600 ಇಡಿ. ತುಸು ಕಾಳು ಕಾಳಾಗಿ ಕಂಡರೂ ಮಸುಕಿಗಿಂತ ವಾಸಿ.

ಅಡ್ಡಪಟ್ಟಿಗೆ ಕಾರಣ ರಂಗಸ್ಥಳದ ಎಲ್ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಎಂದರೆ ಸೆಕೆಂಡಿಗೆ 50 ಆವರ್ತ; ಒಂದೊಂದು ಆವರ್ತಕ್ಕೆ ಎರಡು ಮಿನುಗು. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಪಟ್ಟಿ ಕಂಡರೆ, ಒಂದು ಮಿನುಗು ಪೂರ್ತಿ ಸಿಗುವಂತೆ ಶಟರ್ 1/100ಕ್ಕೆ ಇಳಿಸಿ, ಐಎಸ್ಒ ಕೂಡ ತಗ್ಗಿಸಿ, ಕುಣಿತ ನಿಲ್ಲಿಸಿ ಅರ್ಥ (ಮಾತು) ಹೇಳುವ ಹೊತ್ತಿಗೆ ಕ್ಲಿಕ್ಕಿಸಿ.

ಆಟೊ ಮೋಡಿನಲ್ಲಿ ಕತ್ತಲ ಹಿನ್ನೆಲೆ ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುವುದರಿಂದ ಮುಖ ಬಿಳುಚುತ್ತದೆ. ಪರದೆಯಲ್ಲಿ ಮುಖದ ಮೇಲೆ ಒತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆಳೆಯಿರಿ. ಡಿಜಿಟಲ್ ಜೂಮ್ ಬಿಟ್ಟು ಎದುರು ಸಾಲಿಗೆ ಬನ್ನಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ.