ಹಳೆಯ ಪರ್ಲ್ ತಂತ್ರಾಂಶ, ಹೊಸ ಸರ್ವರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿ ಖರೀದಿಯ ವ್ಯವಹಾರ. ದಿನದ ದರ, ಬೆಳೆಗಾರರ ಖಾತೆ, ರಸೀದಿ ಎಲ್ಲವೂ ಸುಮಾರು ಹದಿನೈದು ವರ್ಷಗಳ ಹಿಂದೆ ಪರ್ಲ್ ಭಾಷೆಯಲ್ಲಿ ಬರೆಸಿದ ವೆಬ್ ತಂತ್ರಾಂಶದಲ್ಲಿವೆ. ಹಳೆಯ ಕಂಪ್ಯೂಟರ್ ಕೆಟ್ಟಿದ್ದರಿಂದ ಕಡತಗಳನ್ನು ಹೊಸ ಉಬುಂಟು ಸರ್ವರಿಗೆ ನಕಲು ಮಾಡಿದೆವು. ಈಗ ಪುಟ ತೆರೆದರೆ 500 ಎಂಬ ದೋಷ ಮಾತ್ರ ಕಾಣುತ್ತದೆ. ಮೊದಲು ಕೂಡ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ದರ ನೋಡುವಾಗ ತೀರಾ ನಿಧಾನವಾಗುತ್ತಿತ್ತು. ಬೇರೆ ಭಾಷೆಯಲ್ಲಿ ಹೊಸದಾಗಿ ಬರೆಸಿ ಎಂದು ಕೆಲವರು ಹೇಳುತ್ತಾರೆ. ಏನು ಮಾಡುವುದು?

ಉತ್ತರ: ಹೊಸದಾಗಿ ಬರೆಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಇಷ್ಟು ವರ್ಷ ಲೆಕ್ಕ ತಪ್ಪದೆ ನಡೆದ ತಂತ್ರಾಂಶದಲ್ಲಿ ನಿಮ್ಮ ವ್ಯಾಪಾರದ ಎಷ್ಟೋ ಸೂಕ್ಷ್ಮಗಳು, ಔಟ್‌ಟರ್ನ್ (ಕಚ್ಚಾ ಕಾಫಿಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಲೆಕ್ಕದಿಂದ ಹಿಡಿದು ಮುಂಗಡದ ವಜಾವರೆಗೆ, ಸೇರಿಕೊಂಡಿರುತ್ತವೆ. ಅವನ್ನು ಮತ್ತೊಮ್ಮೆ ಹೇಳಿ ಬರೆಸುವುದು ನೀವು ಎಣಿಸಿದಷ್ಟು ಸುಲಭವಲ್ಲ.

500 ಎಂಬ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ನಿಜವಾದ ಕಾರಣ, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶವು ದೋಷಗಳನ್ನು ಬರೆದಿಡುವ ಕಡತದಲ್ಲಿ, ಅಂದರೆ ಎರರ್ ಲಾಗ್‌ನಲ್ಲಿರುತ್ತದೆ. ಒಂದು ಕಿಟಕಿಯಲ್ಲಿ ಆ ಲಾಗ್ ತೆರೆದಿಟ್ಟುಕೊಂಡು, ಇನ್ನೊಂದರಲ್ಲಿ ಪುಟವನ್ನು ಕರೆದು, ಆಗ ಹೊಸದಾಗಿ ಬೀಳುವ ಸಾಲನ್ನು ಓದಿ. ಅಲ್ಲಿ ‘ಕ್ಯಾಂಟ್ ಲೊಕೇಟ್’ ಎಂದಿದ್ದರೆ, ಅದರ ಮುಂದೆ ಯಾವ ಕಡತದ ಹೆಸರಿದೆ ಎಂಬುದನ್ನು ಗಮನಿಸಿ. ಅದು ‘ಸಿಜಿಐ ಡಾಟ್ ಪಿಎಂ’ ಆಗಿದ್ದರೆ, 2015ರಲ್ಲಿ ಬಂದ ಪರ್ಲ್ 5.22ರಿಂದ ಆ ಮಾಡ್ಯೂಲ್ (ಸಿದ್ಧ ಕೋಡಿನ ಕಡತ) ಪರ್ಲ್ ಜೊತೆಗೆ ಬರುತ್ತಿಲ್ಲವೆಂದೇ ಅರ್ಥ. ಉಬುಂಟುವಿನ ಪ್ಯಾಕೇಜ್ ಆಗಿ ಅದನ್ನು ಪ್ರತ್ಯೇಕವಾಗಿ ಹಾಕಿಕೊಂಡರೆ ಸಾಕು. ಹೆಸರು ನಿಮ್ಮದೇ ತಂತ್ರಾಂಶದ ಕಡತದ್ದಾಗಿದ್ದರೆ ಕಾರಣ ಬೇರೆ. 2017ರ ಪರ್ಲ್ 5.26ರಿಂದ, ಮಾಡ್ಯೂಲ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಿಂದ ‘ಸದ್ಯದ ಕೋಶ’ವನ್ನು (ಪ್ರೋಗ್ರಾಮ್ ಆಗ ಓಡುತ್ತಿರುವ ಫೋಲ್ಡರನ್ನು) ಭದ್ರತೆಯ ಕಾರಣಕ್ಕೆ ತೆಗೆದುಹಾಕಲಾಗಿದೆ, ಏಕೆಂದರೆ ಆ ಕೋಶದಲ್ಲಿ ಬರೆಯಬಲ್ಲ ಯಾರೇ ಆದರೂ ಅದೇ ಹೆಸರಿನ ಕಡತವನ್ನಿಟ್ಟು ತಮ್ಮ ಕೋಡ್ ಓಡಿಸಬಹುದಾಗಿತ್ತು. ಪ್ರತಿ ಸ್ಕ್ರಿಪ್ಟಿನ ಆರಂಭದಲ್ಲಿ ‘ಯೂಸ್ ಲಿಬ್’ ಎಂದು ಬರೆದು ನಿಮ್ಮ ಮಾಡ್ಯೂಲ್ ಕೋಶದ ಪೂರ್ಣ ವಿಳಾಸವನ್ನು ಕೊಡಿ. ಹಳೆಯ ನಡವಳಿಕೆಯನ್ನು ಮರಳಿ ತರುವ ಒಂದು ಪರಿಸರ ಚರವೂ (ಪ್ರೋಗ್ರಾಮಿನ ಹೊರಗಿನಿಂದ ಕೊಡುವ ಸೆಟ್ಟಿಂಗ್) ಇದೆ, ಆದರೆ ಅದನ್ನು ಖಾಯಂ ಆಗಿ ಬಳಸಬೇಡಿ.

ಕಡತ ಕಣ್ಣೆದುರಿಗೇ ಇದ್ದರೂ ‘ಅಂಥ ಕಡತವಿಲ್ಲ’ ಎಂದು ಲಾಗ್ ಹೇಳಿದರೆ, ನಕಲು ಮಾಡುವಾಗ ನಡುವೆ ವಿಂಡೋಸ್ ಕಂಪ್ಯೂಟರ್ ಬಂದಿತ್ತೇ ಎಂದು ನೆನಪಿಸಿಕೊಳ್ಳಿ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಸೇರಿಸುವ ಕಾಣದ ಅಕ್ಷರವು ಮೊದಲ ಸಾಲಿನ ಪರ್ಲ್ ವಿಳಾಸಕ್ಕೆ ಅಂಟಿಕೊಂಡು, ಇಲ್ಲದ ಪ್ರೋಗ್ರಾಮನ್ನು ಹುಡುಕಿಸುತ್ತಿರುತ್ತದೆ.

ಇನ್ನು ನಿಧಾನದ ವಿಷಯ. ನಿಮ್ಮ ಹಳೆಯ ತಂತ್ರಾಂಶ ಓಡುವ ಸಿಜಿಐ ಪದ್ಧತಿಯಲ್ಲಿ ಪ್ರತಿ ಕೋರಿಕೆಗೂ ಪರ್ಲ್ ಹೊಸದಾಗಿ ಶುರುವಾಗಿ, ಸ್ಕ್ರಿಪ್ಟನ್ನೂ ಎಲ್ಲ ಮಾಡ್ಯೂಲ್‌ಗಳನ್ನೂ ಕಂಪೈಲ್ ಮಾಡಿ (ಓಡಿಸಲು ಸಿದ್ಧಪಡಿಸಿ), ಉತ್ತರ ಕೊಟ್ಟು, ಮುಗಿದುಹೋಗುತ್ತದೆ. ಬಂದ ಪ್ರತಿ ಗಿರಾಕಿಗೂ ಬೀಜ ಹುರಿಯುವುದರಿಂದ ಕೆಲಸ ಶುರುಮಾಡುವ ಹೋಟೆಲಿನ ಹಾಗೆ. ಡಿಕಾಕ್ಷನ್ ಇಳಿಸಿಟ್ಟುಕೊಳ್ಳುವ ವ್ಯವಸ್ಥೆ 2009ರಿಂದ ಪ್ಲ್ಯಾಕ್ ಎಂಬ ಪರ್ಲ್ ಸಲಕರಣೆಗಳ ಗುಂಪಿನ ರೂಪದಲ್ಲಿ ಲಭ್ಯವಿದೆ. ಅದರ ‘ರ‍್ಯಾಪ್‌ಸಿಜಿಐ’ ಮಾಡ್ಯೂಲ್ ಹಳೆಯ ಸ್ಕ್ರಿಪ್ಟನ್ನು ಒಮ್ಮೆ ಮಾತ್ರ ಕಂಪೈಲ್ ಮಾಡಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಅದನ್ನು ಪರ್ಲ್‌ಗೆಂದೇ ಇರುವ ಸ್ಟಾರ್‌ಮನ್ ಸರ್ವರಿನಲ್ಲಿ ಓಡಿಸಿ, ಕೋರಿಕೆಗಳನ್ನು ಮೊದಲು ಪಡೆದು ಅದಕ್ಕೆ ದಾಟಿಸುವ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ಮುಂದೆ ನಿಲ್ಲಿಸಿ.

ಆದರೆ ಇಲ್ಲಿ ನೀವು ತೀರಾ ಎಚ್ಚರದಿಂದ ನೋಡಬೇಕಾದ ಒಂದು ಅಪಾಯವಿದೆ. ಹಳೆಯ ಸ್ಕ್ರಿಪ್ಟಿನಲ್ಲಿ ಮೇಲ್ಗಡೆ ‘ಮೈ’ ಎಂದು ಘೋಷಿಸಿದ ಚರದಲ್ಲಿ (ಮೌಲ್ಯವನ್ನಿಡುವ ಹೆಸರಿನಲ್ಲಿ) ಬೆಳೆಗಾರರ ಖಾತೆ ಸಂಖ್ಯೆ ಇದ್ದು, ಕೆಳಗಿನ ಸಬ್‌ರೂಟೀನ್ (ಹೆಸರಿಟ್ಟು ಬೇರೆಯಾಗಿ ಬರೆದ ಕೋಡಿನ ತುಣುಕು) ಅದನ್ನು ನೇರವಾಗಿ ಓದುತ್ತಿದೆ ಎಂದುಕೊಳ್ಳಿ. ಸಿಜಿಐನಲ್ಲಿ ಪ್ರತಿ ಬಾರಿಯೂ ಹೊಸ ಆರಂಭವಾದ್ದರಿಂದ ತೊಂದರೆಯಿರಲಿಲ್ಲ. ಈಗ ಇಡೀ ಸ್ಕ್ರಿಪ್ಟ್ ಒಂದು ಸಬ್‌ರೂಟೀನಿನೊಳಗೆ ಸುತ್ತಲ್ಪಡುವುದರಿಂದ, ಒಳಗಿನ ಸಬ್‌ರೂಟೀನ್ ಮೊದಲ ಕೋರಿಕೆಯ ಚರವನ್ನೇ ಹಿಡಿದುಕೊಂಡು ಕೂರಬಹುದು, ಇಲ್ಲವೇ ಅದಕ್ಕೆ ಖಾಲಿ ಚರ ಸಿಗಬಹುದು. ಬೆಳಿಗ್ಗೆ ಮೊದಲು ಬಂದವರ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಕಾಫಿ) ತೂಕವು ಎರಡನೆಯವರ ರಸೀದಿಯಲ್ಲಿ ಅಚ್ಚಾದರೆ ಆಶ್ಚರ್ಯಪಡಬೇಡಿ. ‘ಯೂಸ್ ವಾರ್ನಿಂಗ್ಸ್’ ಇದ್ದರೆ ಲಾಗ್‌ನಲ್ಲಿ ‘ವಿಲ್ ನಾಟ್ ಸ್ಟೇ ಶೇರ್ಡ್’ ಅಥವಾ ‘ಈಸ್ ನಾಟ್ ಅವೈಲಬಲ್’ ಎಂಬ ಎಚ್ಚರಿಕೆ ಬೀಳುತ್ತದೆ. ಅಂಥ ಪ್ರತಿ ಸಾಲಿನಲ್ಲೂ ಮೌಲ್ಯವನ್ನು ಸಬ್‌ರೂಟೀನಿಗೆ ಆರ್ಗ್ಯುಮೆಂಟ್ ಆಗಿ ಕಳುಹಿಸುವಂತೆ ತಿದ್ದಿ. ಅದೆಲ್ಲ ಮುಗಿಯುವವರೆಗೆ ಹಣದ ಪುಟಗಳು ಹಳೆಯ ಸಿಜಿಐನಲ್ಲೇ ಇರಲಿ; ದರದ ಪುಟವೊಂದನ್ನೇ ಮೊದಲು ಬದಲಿಸಿದರೂ ಬೆಳಗಿನ ನೂಕುನುಗ್ಗಲು ಬಹುಮಟ್ಟಿಗೆ ಇಳಿಯುತ್ತದೆ.

ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ, ಸುಮ್ಮನಿರುವ ಸಂಪರ್ಕವನ್ನು ಅದು 8 ಗಂಟೆಗಳ ನಂತರ ತಾನೇ ಕಡಿಯುತ್ತದೆ. ಸಂಜೆ ಬಾಗಿಲು ಹಾಕಿ ಬೆಳಿಗ್ಗೆ ತೆರೆಯುವ ಮಂಡಿಗೆ ಈ ಲೆಕ್ಕ ಸರಿಯಾಗಿ ಬಡಿಯುತ್ತದೆ: ದಿನದ ಮೊದಲ ಕೋರಿಕೆಗೇ ದೋಷ. ಸ್ಕ್ರಿಪ್ಟಿನಲ್ಲಿ ಪರ್ಲ್‌ನ ಡೇಟಾಬೇಸ್ ಮಾಡ್ಯೂಲ್ ಆದ ಡಿಬಿಐನ ‘ಕನೆಕ್ಟ್ ಕ್ಯಾಶ್ಡ್’ ಬಳಸಿದರೆ, ಸಂಪರ್ಕ ಜೀವಂತವಾಗಿದೆಯೇ ಎಂದು ಅದು ನೋಡಿಕೊಂಡು, ಇಲ್ಲದಿದ್ದರೆ ಹೊಸದನ್ನು ತೆರೆಯುತ್ತದೆ. ಸ್ಟಾರ್‌ಮನ್ ತಾನಾಗಿ 5 ವರ್ಕರ್‌ಗಳನ್ನು (ಕೋರಿಕೆಗಳಿಗೆ ಉತ್ತರಿಸುವ ಪ್ರಕ್ರಿಯೆಗಳನ್ನು) ಇಡುತ್ತದೆ. ಪ್ರತಿಯೊಂದೂ ಎಷ್ಟು ಮೆಮೊರಿ ತಿನ್ನುತ್ತದೆಂದು ಕೆಲವು ದಿನ ನೋಡಿದ ಮೇಲಷ್ಟೇ ಹೆಚ್ಚಿಸಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದನ್ನು ನಿಮಗೆ ಹೇಳಬೇಕಾಗಿಲ್ಲ. ಸರ್ವರ್ ಮತ್ತೆ ಎದ್ದಾಗ ಸ್ಟಾರ್‌ಮನ್ ತಾನೇ ಶುರುವಾಗುವಂತೆ ಸಿಸ್ಟಮ್‌ಡಿ ಸೇವೆಯಾಗಿ ನೋಂದಾಯಿಸಿ, ಎರರ್ ಲಾಗ್ ಡಿಸ್ಕನ್ನು ತುಂಬದಂತೆ ಲಾಗ್‌ರೊಟೇಟ್ ಹಾಕಿ.

ಪ್ರಶ್ನೆ: ಹಾಸನದ ನಮ್ಮ ವಾಚನಾಲಯದ ಪುಸ್ತಕಪಟ್ಟಿಯೂ ಪರ್ಲ್ ತಂತ್ರಾಂಶದಲ್ಲಿದೆ. ಇತ್ತೀಚೆಗೆ ಕನ್ನಡ ಹೆಸರುಗಳ ಬದಲು ವಿಚಿತ್ರ ಚಿಹ್ನೆಗಳು ಕಾಣುತ್ತಿವೆ. ಫಾಂಟ್ ಬದಲಿಸಬೇಕೇ?

ಉತ್ತರ: ಫಾಂಟಿಗೂ ಇದಕ್ಕೂ ಸಂಬಂಧವಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು. ಅವನ್ನು ಲ್ಯಾಟಿನ್ ಅಕ್ಷರಗಳೆಂದು ತಪ್ಪಾಗಿ ಓದಿದರೆ ಮೊದಲನೆಯದು ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ‘ಎ’ ಆಗಿಯೂ, ಎರಡನೆಯದು ಮೇಲೇರಿಸಿದ ಚಿಕ್ಕ 2 ಅಥವಾ 3 ಆಗಿಯೂ ಕಾಣುತ್ತದೆ. ನಿಮ್ಮ ಪರದೆಯಲ್ಲಿ ಈ ಜೋಡಿಯೇ ಮತ್ತೆ ಮತ್ತೆ ಬರುತ್ತಿದ್ದರೆ, ಫೈರ್‌ಫಾಕ್ಸ್ ಬ್ರೌಸರಿನ ‘ವ್ಯೂ’ ಮೆನುವಿನಲ್ಲಿ ‘ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್’ ಆರಿಸಿ ನೋಡಿ. ಆಗ ಸರಿಯಾದರೆ ಸರ್ವರ್ ಕಳುಹಿಸುವ ಹೆಡರಿನಲ್ಲಿ ಕ್ಯಾರೆಕ್ಟರ್ ಸೆಟ್ ಸರಿಯಾಗಿ ನಮೂದಾಗಿಲ್ಲ. ಆಗಲೂ ಸರಿಯಾಗದಿದ್ದರೆ ಪರ್ಲ್ ಅದನ್ನು ಎರಡು ಬಾರಿ ಎನ್‌ಕೋಡ್ ಮಾಡುತ್ತಿದೆ, ಅಂದರೆ ಬೈಟುಗಳಾಗಿ ಬದಲಿಸುತ್ತಿದೆ. ಒಳಗೆ ಬರುವಾಗ ಒಮ್ಮೆ ಡಿಕೋಡ್, ಹೊರಗೆ ಹೋಗುವಾಗ ಒಮ್ಮೆ ಎನ್‌ಕೋಡ್ ಆಗುವಂತೆ ತಿದ್ದಿ. ಈಗಾಗಲೇ ಕೆಟ್ಟು ಡೇಟಾಬೇಸ್ ಸೇರಿದ ಹೆಸರುಗಳನ್ನು ಸರಿಪಡಿಸಲು ಕೈಹಾಕುವ ಮೊದಲು ಅದರ ಪೂರ್ಣ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಿ.